ಇನ್‌ಸ್ಟಾಲ್‌ಗೆ ಇಷ್ಟು ಎಂಬ ಲೆಕ್ಕ ಈಗಲೂ ಇದೆಯೇ?

ಪ್ರಶ್ನೆ: ನಾಲ್ವರು ಗೆಳೆಯರು ಸೇರಿ ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ (ಆಟ ಕಟ್ಟುವ ಸಾಫ್ಟ್‌ವೇರ್) ಮೊಬೈಲ್ ಗೇಮ್ ಮಾಡುತ್ತಿದ್ದೇವೆ. ಆಟ ಉಚಿತ, ಆದಾಯ ಜಾಹೀರಾತಿನಿಂದಷ್ಟೇ. ಪ್ರತಿ ಇನ್‌ಸ್ಟಾಲ್‌ಗೂ ಯೂನಿಟಿಗೆ ದುಡ್ಡು ಕಟ್ಟಬೇಕೆಂದು ಕೆಲವರು ಹೆದರಿಸುತ್ತಾರೆ. ನಿಜವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಈಗ ಇಲ್ಲ. ‘ರನ್‌ಟೈಮ್ ಫೀ’ ಎಂಬ ಆ ಶುಲ್ಕವನ್ನು ಯೂನಿಟಿ ಘೋಷಿಸಿದ್ದು 2023ರ ಸೆಪ್ಟೆಂಬರ್ 12ರಂದು. ಗೇಮ್‌ಗಳ ಮಟ್ಟಿಗೆ ಅದನ್ನು ಪೂರ್ತಿ ಕೈಬಿಟ್ಟದ್ದು ಮರುವರ್ಷ ಅದೇ ದಿನ. ಮೊದಲ ಯೋಜನೆಯಂತೆ, ‘ಪರ್ಸನಲ್’ ಎಂಬ ಉಚಿತ ಲೈಸೆನ್ಸ್‌ನಲ್ಲಿ ಮಾಡಿದ ಆಟ 12 ತಿಂಗಳಲ್ಲಿ 2 ಲಕ್ಷ ಡಾಲರ್ ಗಳಿಸಿ, ಒಟ್ಟು ಇನ್‌ಸ್ಟಾಲ್ 2 ಲಕ್ಷ ದಾಟಿದರೆ, ಆಮೇಲಿನ ಪ್ರತಿ ಇನ್‌ಸ್ಟಾಲ್‌ಗೆ 20 ಸೆಂಟ್, ಅಂದಿನ ಲೆಕ್ಕದಲ್ಲಿ 16 ರೂಪಾಯಿಗೂ ಮೇಲೆ. ಭಾರತದಂಥ ದೇಶಗಳ ಇನ್‌ಸ್ಟಾಲ್‌ಗೆ 2 ಸೆಂಟ್. ದುಡ್ಡು ಕೊಟ್ಟು ಕೊಳ್ಳುವ ಆಟಕ್ಕೆ ಇದು ಹೇಗೋ ನಡೆದೀತು. ಉಚಿತ ಆಟದಲ್ಲಿ ಒಬ್ಬ ಆಟಗಾರನಿಂದ ಬರುವ ಆದಾಯ ಅದಕ್ಕಿಂತ ಕಡಿಮೆಯಿದ್ದರೆ, ಆಟ ಜನಪ್ರಿಯವಾದಷ್ಟೂ ನಷ್ಟ! ಹಳೆಯ ಆಟಗಳಿಗೂ ಅನ್ವಯಿಸಲು ಹೊರಟದ್ದರಿಂದಲೇ ಅಷ್ಟು ಸಿಟ್ಟು ಎದ್ದದ್ದು.

ನೀವು ಈಗ ಗಮನಿಸಬೇಕಾದದ್ದು ಬೇರೆ. ಪರ್ಸನಲ್ ಲೈಸೆನ್ಸ್ ಉಚಿತವಾಗಿರುವುದು ಹಿಂದಿನ 12 ತಿಂಗಳ ಆದಾಯ ಮತ್ತು ಹೂಡಿಕೆ ಎರಡೂ ಸೇರಿ 2 ಲಕ್ಷ ಡಾಲರ್ ಮೀರದವರೆಗೆ. ಆಟದ ಗಳಿಕೆಯನ್ನಷ್ಟೇ ಎಣಿಸಿ, ಹೂಡಿಕೆದಾರ ಕೊಟ್ಟ ಹಣವನ್ನು ಬಿಟ್ಟುಬಿಡುವುದೇ ಸಾಮಾನ್ಯ ತಪ್ಪು. ಬೇರೆ ಕಂಪನಿಗೆ ಗುತ್ತಿಗೆಯಲ್ಲಿ ಆಟ ಮಾಡಿಕೊಟ್ಟರೆ ಆ ಗ್ರಾಹಕನ ವಹಿವಾಟೂ ಲೆಕ್ಕಕ್ಕೆ ಬರುತ್ತದೆ. ಮಿತಿ ದಾಟಿದರೆ ದುಡ್ಡು ಕೊಟ್ಟು ಕೊಳ್ಳುವ ‘ಪ್ರೊ’ ಲೈಸೆನ್ಸ್ ಬೇಕು: 2025ರ ಜನವರಿಯಿಂದ ಒಂದು ಸೀಟ್‌ಗೆ (ಅಂದರೆ ಒಬ್ಬ ಬಳಕೆದಾರನಿಗೆ) ವರ್ಷಕ್ಕೆ 2,200 ಡಾಲರ್ ಎಂದು ನಿಗದಿಯಾಯಿತು, ಬೆಲೆಯನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬಹುದಾದ್ದರಿಂದ ಕೊಳ್ಳುವ ದಿನ ನೋಡಿಕೊಳ್ಳಿ. ಒಬ್ಬರಿಗೆ ಪ್ರೊ, ಮೂವರಿಗೆ ಪರ್ಸನಲ್ ಎಂಬ ಜಾಣತನ ನಡೆಯದು. ಆ ದರದಲ್ಲಿ ನಾಲ್ಕು ಸೀಟ್‌ಗೆ 8,800 ಡಾಲರ್ ಆಗುತ್ತಿತ್ತು. ಆಟ ಬಿಡುಗಡೆ ಮಾಡುವ ಆವೃತ್ತಿಯ ಇನ್‌ಸ್ಟಾಲರ್ ಜೊತೆ ಅಂದಿನ ಷರತ್ತುಗಳ ಪ್ರತಿಯನ್ನೂ ದಿನಾಂಕ ಸಮೇತ ಇಟ್ಟುಕೊಳ್ಳಿ. ಷರತ್ತು ಬದಲಾದರೂ ಹಳೆಯ ಆವೃತ್ತಿಯಲ್ಲಿರುವವರು ಒಪ್ಪಿದ ಷರತ್ತಿನಲ್ಲೇ ಮುಂದುವರಿಯಬಹುದು ಎಂದು ಯೂನಿಟಿ ಹೇಳಿದೆ.

ಪ್ರಶ್ನೆ: ಎಪಿಕ್ ಕಂಪನಿಯ ಗೇಮ್ ಎಂಜಿನ್ ಆದ ಅನ್‌ರಿಯಲ್‌ನ ಶೇ 5 ರಾಯಲ್ಟಿ ಕೈಗೆ ಬಂದ ಹಣದ ಮೇಲೋ, ಒಟ್ಟು ಮಾರಾಟದ ಮೇಲೋ?
– ಓದುಗರು, ಮಂಗಳೂರು

ಉತ್ತರ: ಒಟ್ಟು ಮಾರಾಟದ ಮೇಲೆ. ಒಂದು ಆಟದ ಮೊದಲ 10 ಲಕ್ಷ ಡಾಲರ್‌ಗೆ ವಿನಾಯಿತಿ. ಮಾರಾಟ 14 ಲಕ್ಷವಾದರೆ ಮೇಲಿನ 4 ಲಕ್ಷಕ್ಕೆ ಶೇ 5, ಅಂದರೆ 20,000 ಡಾಲರ್. ಆಟ ಮಾರುವ ಆನ್‌ಲೈನ್ ಅಂಗಡಿ ಶೇ 30 ಮುರಿದುಕೊಂಡರೆ ನಿಮ್ಮ ಕೈಗೆ ಬರುವುದು 9.8 ಲಕ್ಷ. ‘ಹತ್ತು ಲಕ್ಷ ದಾಟಲೇ ಇಲ್ಲವಲ್ಲ’ ಎಂದು ಸುಮ್ಮನಿದ್ದರೆ ಬಾಕಿ ಬೆಳೆಯುತ್ತದೆ. ಎಪಿಕ್‌ನದೇ ಅಂಗಡಿಯ ಮಾರಾಟಕ್ಕೆ ರಾಯಲ್ಟಿ ಇಲ್ಲ. ಇತರ ಅಂಗಡಿಗಳಿಗಿಂತ ತಡಮಾಡದೆ ಅಲ್ಲಿಯೂ ಬಿಡುಗಡೆ ಮಾಡಿದ ಆಟಕ್ಕೆ 2025ರಿಂದ ದರ ಶೇ 3.5, ಆದರೆ ಇದಕ್ಕೆಂದೇ ಇರುವ ಎಪಿಕ್‌ನ ಕಾರ್ಯಕ್ರಮಕ್ಕೆ ಸೇರಿರಬೇಕು.

ಪ್ರಶ್ನೆ: ಅರ್ಧ ಮುಗಿದ ಯೂನಿಟಿ ಆಟವನ್ನು ಗೊಡೋ ಎಂಬ ಇನ್ನೊಂದು ಗೇಮ್ ಎಂಜಿನ್‌ಗೆ ವರ್ಗಾಯಿಸಬಹುದೇ?
– ಓದುಗರು, ಮೈಸೂರು

ಉತ್ತರ: ಅರ್ಧ ಮುಗಿದದ್ದನ್ನು ಬೇಡ; ಮುಂದಿನ ಆಟಕ್ಕೆ ಯೋಚಿಸಿ. ಚಿತ್ರ, ಧ್ವನಿ, ಮಾಡೆಲ್‌ಗಳು ಬರುತ್ತವೆ. ಸೀನ್, ಶೇಡರ್ (ಬೆಳಕು-ಬಣ್ಣ ಮೂಡಿಸುವ ಕೋಡ್), ಜಾಹೀರಾತು ಪ್ಲಗಿನ್‌ಗಳನ್ನು ಹೊಸದಾಗಿ ಕಟ್ಟಬೇಕು. ಪ್ಲೇಸ್ಟೇಷನ್‌ನಂಥ ಕನ್ಸೋಲ್‌ಗೆ ತರಲು ಹೊರಗಿನ ಕಂಪನಿಯ ನೆರವು ಬೇಕಾದೀತು. ಗೊಡೋ ಎಂಐಟಿ ಎಂಬ ಮುಕ್ತ ಲೈಸೆನ್ಸ್‌ನಲ್ಲಿರುವುದರಿಂದ ರಾಯಲ್ಟಿ ಇಲ್ಲ, ಆದರೆ ಆ ಲೈಸೆನ್ಸ್‌ನ ಪಠ್ಯವನ್ನು ಆಟದ ‘ಕ್ರೆಡಿಟ್ಸ್’ ಪುಟದಲ್ಲೋ ಜೊತೆಗಿನ ಫೈಲ್‌ನಲ್ಲೋ ಸೇರಿಸಲೇಬೇಕು.