ಟ್ಯಾಂಕ್ ಮನೆಗೆ ಬರುತ್ತದೆ ಸರಿ, ಅದಕ್ಕೆ ಗಾಳಿ ತುಂಬಿಸೋರು ಯಾರು?

ಪ್ರಶ್ನೆ: ನಾನೂ ನನ್ನ ತಮ್ಮನೂ ಮುರುಡೇಶ್ವರಕ್ಕೆ ಹೋಗಿ, ಅಲ್ಲಿನ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ (ಬೆನ್ನಿಗೆ ಗಾಳಿ ಟ್ಯಾಂಕ್ ಕಟ್ಟಿಕೊಂಡು ನೀರಿಗಿಳಿಯೋದು) ಕಲಿತು ಸರ್ಟಿಫಿಕೇಟ್ ತೆಗೆದುಕೊಂಡಿದ್ದೇವೆ. ಈಗ ಸ್ವಂತಕ್ಕೆ ಒಂದು ಟ್ಯಾಂಕ್ ಇಟ್ಟುಕೊಳ್ಳುವ ಆಸೆ. ಡೈವ್ ಸೆಂಟರಿನವರು ಹೇಳಿದ ರೇಟಿಗಿಂತ ಆನ್‌ಲೈನ್‌ನಲ್ಲಿ ತುಂಬಾ ಕಡಿಮೆ ಇದೆ, ಮನೆ ಬಾಗಿಲಿಗೇ ತಂದುಕೊಡುತ್ತಾರಂತೆ. ಹಾಸನದಲ್ಲಿ ಡೈವಿಂಗ್ ಸಾಮಾನು ಮಾರುವ ಅಂಗಡಿ ಇಲ್ಲ. ಆನ್‌ಲೈನ್‌ನಲ್ಲಿ ತರಿಸಿಬಿಡಲಾ, ಕರಾವಳಿಗೆ ಹೋಗಿ ಕೊಳ್ಳಲಾ?
– ಓದುಗರು, ಹಾಸನ

ಉತ್ತರ: ಕೊಳ್ಳೋದೇ ಆದರೆ ಅಂಗಡಿಯಲ್ಲೇ ಕೊಳ್ಳಿ. ಆದರೆ ಹಾಸನದಲ್ಲಿ ಮನೆ ಇಟ್ಟುಕೊಂಡು ವರ್ಷಕ್ಕೆ ಒಂದೆರಡು ಸಲ ಸಮುದ್ರಕ್ಕೆ ಹೋಗುವವರಿಗೆ ಸ್ವಂತ ಟ್ಯಾಂಕ್ ಬೇಕಾಗಿಲ್ಲ ಅಂತಲೇ ನನ್ನ ಅಭಿಪ್ರಾಯ.

ಯಾಕೆ ಅಂತ ಹೇಳುತ್ತೇನೆ. ಕೊರಿಯರ್‌ನಲ್ಲಿ ಬರುವ ಟ್ಯಾಂಕ್ ಖಾಲಿ ಬರುತ್ತದೆ, ಖಾಲಿಯೇ ಬರಬೇಕು. ತುಂಬಿಸೋದು ಎಲ್ಲಿ? ನಿಮ್ಮೂರಿನ ಬಿ.ಎಂ. ರಸ್ತೆಯಲ್ಲಿ ಎಷ್ಟು ಪಂಕ್ಚರ್ ಅಂಗಡಿ ಇದ್ದರೂ ಪ್ರಯೋಜನವಿಲ್ಲ. ಅಲ್ಲಿನ ಕಂಪ್ರೆಸರ್ ಎಂಟು, ಹತ್ತು ಬಾರ್ ಒತ್ತಡ ಕೊಡುತ್ತದೆ, ಸ್ಕೂಬಾ ಟ್ಯಾಂಕಿಗೆ ಬೇಕಾದ್ದು 200 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ನಿಮ್ಮ ಕಾರಿನ ಟೈರಿನಲ್ಲಿ ಇರೋದು ಎರಡು ಬಾರ್‌ಗಿಂತ ಸ್ವಲ್ಪ ಜಾಸ್ತಿ ಅಂದರೆ ಲೆಕ್ಕ ಗೊತ್ತಾಯಿತಲ್ವಾ? ಒತ್ತಡದ ಮಾತು ಬಿಟ್ಟರೂ ಆ ಗಾಳಿ ಉಸಿರಾಡುವ ಗಾಳಿಯಲ್ಲ. ಅದರಲ್ಲಿ ಎಣ್ಣೆ, ನೀರಿನ ತೇವ, ಪಕ್ಕದಲ್ಲಿ ಲಾರಿ ಸ್ಟಾರ್ಟ್ ಆಗಿದ್ದರೆ ಅದರ ಹೊಗೆ, ಎಲ್ಲ ಇರುತ್ತದೆ. ಆಳದಲ್ಲಿ ಒತ್ತಡ ಜಾಸ್ತಿಯಾದ ಹಾಗೆ ಕಾರ್ಬನ್ ಮಾನಾಕ್ಸೈಡ್‌ನಂಥ ವಿಷ ದೇಹಕ್ಕೆ ಇನ್ನೂ ಜೋರಾಗಿ ಹತ್ತುತ್ತದೆ. ಯುರೋಪಿನ ಮಾನದಂಡದ ಪ್ರಕಾರ ಉಸಿರಾಡುವ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ 5 ಪಾಲು ದಾಟುವ ಹಾಗಿಲ್ಲ. ಅದಕ್ಕೇ ಡೈವ್ ಸೆಂಟರಿನಲ್ಲಿ ಕಂಪ್ರೆಸರಿಗೆ ಗಾಳಿ ಎಳೆಯುವ ಪೈಪನ್ನು ಇಂಜಿನ್ ಹೊಗೆಯಿಂದ ದೂರ, ಎತ್ತರದಲ್ಲಿ ಇಟ್ಟಿರುತ್ತಾರೆ, ಫಿಲ್ಟರನ್ನು ಗಂಟೆ ಲೆಕ್ಕ ಬರೆದಿಟ್ಟು ಬದಲಿಸುತ್ತಾರೆ.

ಇನ್ನೊಂದು ಮಾತು. ಇದನ್ನು ಆಕ್ಸಿಜನ್ ಸಿಲಿಂಡರ್ ಅನ್ನೋರು ತುಂಬಾ ಜನ. ಹಾಗೆ ಅಂದುಕೊಂಡು ಮೆಡಿಕಲ್ ಆಕ್ಸಿಜನ್ ತುಂಬಿಸಲು ಮಾತ್ರ ಹೋಗಬೇಡಿ. ಟ್ಯಾಂಕಿನಲ್ಲಿ ಇರೋದು ನಾವು ದಿನಾ ಉಸಿರಾಡುವ ಮಾಮೂಲಿ ಗಾಳಿ, ಅದರಲ್ಲಿ ಆಕ್ಸಿಜನ್ ಶೇ. 21 ಅಷ್ಟೇ. ಶುದ್ಧ ಆಕ್ಸಿಜನ್ ಆರು ಮೀಟರಿಗಿಂತ ಕೆಳಗೆ ವಿಷವಾಗುತ್ತದೆ, ನೀರಿನೊಳಗೇ ಫಿಟ್ಸ್ ಬರಬಹುದು.

ಈಗ ರೇಟಿನ ವಿಷಯ. ಡೈವ್ ಸೆಂಟರಿನವರು ಜಾಸ್ತಿ ಹೇಳಿದರು ಅಂತ ಬೇಸರ ಮಾಡಿಕೊಳ್ಳಬೇಡಿ. ನಮ್ಮ ದೇಶದಲ್ಲಿ ಇಂಥ ಸಿಲಿಂಡರುಗಳಿಗೆ 2016 ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ. ನೋಡಿಕೊಳ್ಳೋದು ಪೆಸೊ, ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಅವರು ಒಪ್ಪಿದ ಮಾದರಿಯ ಸಿಲಿಂಡರ್, ಒಪ್ಪಿದ ವಾಲ್ವ್, ಗಡುವು ಮೀರದ ಒತ್ತಡ ಪರೀಕ್ಷೆ, ಈ ಮೂರೂ ಇಲ್ಲದೆ ಯಾರೂ ಗಾಳಿ ತುಂಬುವ ಹಾಗಿಲ್ಲ. ಹೊರದೇಶದ ಯಾವುದೋ ಸೈಟಿನಿಂದ ಅಗ್ಗಕ್ಕೆ ಬಂದ ಟ್ಯಾಂಕಿಗೆ ಆ ಒಪ್ಪಿಗೆಯ ಕಾಗದ ಇರೋದಿಲ್ಲ. ನೀವು ಅದನ್ನು ಹೊತ್ತುಕೊಂಡು ಶಿರಾಡಿ ಘಾಟಿ ಇಳಿದು ಮುರುಡೇಶ್ವರದ ತನಕ ಹೋಗುತ್ತೀರಿ, ಅಲ್ಲಿಯವರು ಟ್ಯಾಂಕಿನ ಭುಜದ ಮೇಲಿನ ಮುದ್ರೆ ನೋಡಿ ‘ಇದಕ್ಕೆ ತುಂಬೋಕಾಗಲ್ಲ ಸರ್’ ಅಂತಾರೆ. ಅವರು ಹಾಗೆ ಅಂದರೆ ಸಿಟ್ಟಾಗಬೇಡಿ, ಅವರು ಒಳ್ಳೆಯವರು ಅಂತ ತಿಳಿಯಿರಿ.

ಆ ಮುದ್ರೆ ಓದೋದನ್ನು ನೀವೂ ಕಲಿಯಿರಿ. ಟ್ಯಾಂಕಿನ ಭುಜದ ಮೇಲೆ, ವಾಲ್ವಿನ ಸುತ್ತ, ಪಂಚ್ ಹೊಡೆದ ಅಕ್ಷರಗಳಿರುತ್ತವೆ. ಬಣ್ಣ ತುಂಬಿಕೊಂಡು ಕಾಣದಿದ್ದರೆ ಸೀಮೆಸುಣ್ಣ ಉಜ್ಜಿ, ಬೆರಳಲ್ಲಿ ಒರೆಸಿ, ಅಕ್ಷರ ಎದ್ದು ಬರುತ್ತದೆ. ಯಾವ ಮಾನದಂಡದಲ್ಲಿ ಮಾಡಿದ್ದು (ಅಲ್ಯೂಮಿನಿಯಂ ಆದರೆ ಐಎಸ್‌ಒ 7866 ಅಥವಾ ಅಮೆರಿಕದ್ದಾದರೆ 3ಎಎಲ್ ಅಂತ ಇರುತ್ತದೆ), ಎಷ್ಟು ಒತ್ತಡಕ್ಕೆ, ಸರಣಿ ಸಂಖ್ಯೆ, ಪರೀಕ್ಷೆ ಮಾಡಿದ ತಿಂಗಳು ಮತ್ತು ವರ್ಷ, ಎಲ್ಲ ಅಲ್ಲೇ ಇದೆ. ಆನ್‌ಲೈನ್ ಫೋಟೋದಲ್ಲಿ ಬೇರೆ ಎಲ್ಲ ಚೆನ್ನಾಗಿ ಕಾಣುತ್ತದೆ, ಈ ಜಾಗ ಒಂದು ಬಿಟ್ಟು. ಒಳಗಿನದ್ದನ್ನಂತೂ ಫೋಟೋದಲ್ಲಿ ನೋಡುವ ದಾರಿಯೇ ಇಲ್ಲ. ವಾಲ್ವ್ ಬಿಚ್ಚಿ, ಒಳಗೆ ಸಣ್ಣ ಬಲ್ಬ್ ಇಳಿಸಿ, ತಳದಲ್ಲಿ ಬಿಳಿ ಪುಡಿ ಕಟ್ಟಿದೆಯಾ, ಕತ್ತಿನ ಮರೆಯಲ್ಲಿ (ವಾಲ್ವ್ ತಿರುಗಿಸಿ ಕೂರಿಸುವ ಥ್ರೆಡ್ಡಿನಲ್ಲಿ) ಬಿರುಕಿದೆಯಾ ಅಂತ ನೋಡಬೇಕು. ಇದನ್ನು ವರ್ಷಕ್ಕೊಂದು ಸಲ ಮಾಡಿಸೋದು ರೂಢಿ. ನೀರು ತುಂಬಿ ಒತ್ತಡ ಹಾಕುವ ದೊಡ್ಡ ಪರೀಕ್ಷೆ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ. ಅಂಗಡಿಯಲ್ಲಿ ಕೊಂಡರೆ ಇದೆಲ್ಲ ಮಾಡಿಸಿಕೊಡುವ ಒಬ್ಬ ಮನುಷ್ಯ ನಿಮಗೆ ಸಿಗುತ್ತಾನೆ. ಜಾಸ್ತಿ ಕೊಟ್ಟ ದುಡ್ಡು ಹೋಗೋದು ಅದಕ್ಕೆ, ಅದು ದಂಡ ಅಲ್ಲವೇ ಅಲ್ಲ.

ಬಿಡಿ ವಾಲ್ವನ್ನು ಆನ್‌ಲೈನ್‌ನಲ್ಲಿ ತರಿಸಿ ಹಾಕಿಕೊಳ್ಳುತ್ತೇನೆ ಅನ್ನೋರಿಗೆ ಇಲ್ಲೇ ಒಂದು ಎಚ್ಚರಿಕೆ. ಟ್ಯಾಂಕಿನ ಕತ್ತಿನ ಮರೆ ಕೆಲವಕ್ಕೆ 25 ಮಿಲಿಮೀಟರ್, ಕೆಲವಕ್ಕೆ ಮುಕ್ಕಾಲು ಇಂಚು. ಕಣ್ಣಿಗೆ ಎರಡೂ ಒಂದೇ ಥರ. ಒಂದರ ವಾಲ್ವ್ ಇನ್ನೊಂದಕ್ಕೆ ಹಿಡಿದ ಹಾಗೇ ಆಗುತ್ತದೆ, ಆಮೇಲೆ ಗಾಳಿ ತುಂಬುವಾಗ ಕಿತ್ತು ಹಾರುತ್ತದೆ. ಹೊರದೇಶಗಳಲ್ಲಿ ಹೀಗೆ ಜನಕ್ಕೆ ಗಂಭೀರ ಪೆಟ್ಟಾಗಿದೆ.

ಇನ್ನು ಸಾಗಿಸುವ ಕಷ್ಟ. ಡೈವ್ ಸೆಂಟರುಗಳಲ್ಲಿ ಮಾಮೂಲಾಗಿ ಬಳಸುವ ಅಲ್ಯೂಮಿನಿಯಂ ಟ್ಯಾಂಕ್ 11.1 ಲೀಟರಿನದು, ಖಾಲಿ ಇದ್ದಾಗಲೇ 14 ಕೆ.ಜಿ. ತೂಗುತ್ತದೆ. ರೈಲಿನಲ್ಲಿ ಗ್ಯಾಸ್ ಸಿಲಿಂಡರ್ ಬಿಡೋದಿಲ್ಲ. ಕಾರಿನಲ್ಲಾದರೆ ಉರುಳದ ಹಾಗೆ ಕಟ್ಟಬೇಕು, ಬಿಸಿಲಲ್ಲಿ ಡಿಕ್ಕಿಯಲ್ಲಿ ಬಿಡಬಾರದು, ತುಂಬಿದ ಟ್ಯಾಂಕಿನಲ್ಲಿ ಒಂದೊಂದು ಡಿಗ್ರಿ ಶಾಖಕ್ಕೆ ಒತ್ತಡ ಅರ್ಧ ಬಾರ್‌ಗಿಂತ ಜಾಸ್ತಿ ಏರುತ್ತದೆ. ಇಷ್ಟೆಲ್ಲ ಮಾಡಿ ತೆಗೆದುಕೊಂಡು ಹೋದ ಮೇಲೆ, ನೇತ್ರಾಣಿಗೆ ಹೋಗುವ ದೋಣಿಯಲ್ಲಿ ಅವರದೇ ಟ್ಯಾಂಕ್ ಸಾಲಾಗಿ ಕಟ್ಟಿಟ್ಟಿರುತ್ತದೆ, ಡೈವಿನ ದುಡ್ಡಿನಲ್ಲೇ ಅದೂ ಸೇರಿರುತ್ತದೆ! ಮಳೆಗಾಲದಲ್ಲಂತೂ ಅಲ್ಲಿ ಡೈವಿಂಗ್ ನಿಂತಿರುತ್ತದೆ, ನಿಮ್ಮ ಟ್ಯಾಂಕ್ ಮನೆ ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ.

ಆ ದುಡ್ಡಿನಲ್ಲಿ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಕೊಳ್ಳಿ. ಪಟ್ಟಿ ಹಾಕದೆ ಮುಖಕ್ಕಿಟ್ಟು, ಮೂಗಿನಿಂದ ಸ್ವಲ್ಪ ಉಸಿರೆಳೆದು ಕೈ ಬಿಡಿ, ಬೀಳದೆ ನಿಂತರೆ ಅದು ನಿಮ್ಮದು. ದುಡ್ಡು ಉಳಿದರೆ ಡೈವ್ ಕಂಪ್ಯೂಟರ್ (ಆಳ, ಹೊತ್ತಿನ ಲೆಕ್ಕ ಇಡುವ, ಕೈಗೆ ಕಟ್ಟುವ ಸಾಧನ) ತೆಗೆದುಕೊಳ್ಳಿ, ಆನ್‌ಲೈನ್‌ನಲ್ಲೇ ತರಿಸಿದರೂ ನನ್ನ ತಕರಾರಿಲ್ಲ, ನಮ್ಮಲ್ಲಿ ಸರ್ವಿಸ್ ಇರುವ ಕಂಪನಿಯದಾಗಿದ್ದರೆ ಸಾಕು.

ಪ್ರಶ್ನೆ: ನಮ್ಮದು ಕಾಫಿ ತೋಟ. ಹೂವಿಗೆ ನೀರು ಕೊಡುವ ಹೊತ್ತಿಗೇ ಕೆರೆಯಲ್ಲಿ ಪಂಪಿನ ಫುಟ್‌ವಾಲ್ವ್‌ಗೆ (ನೀರೆಳೆಯುವ ಪೈಪಿನ ತುದಿಯ ವಾಲ್ವ್) ಕಸ ಕಟ್ಟಿಕೊಳ್ಳುತ್ತದೆ. ಆನ್‌ಲೈನ್‌ನಲ್ಲಿ ಅರ್ಧ ಲೀಟರಿನ ಮಿನಿ ಸ್ಕೂಬಾ ಟ್ಯಾಂಕ್ ಸಿಗುತ್ತದೆ, ಕೈಪಂಪಿನಲ್ಲೇ ಗಾಳಿ ತುಂಬಬಹುದು, ಹತ್ತು ನಿಮಿಷ ಬರುತ್ತದೆ ಅಂತ ಹಾಕಿದ್ದಾರೆ. ನಮ್ಮ ಹುಡುಗ ಚೆನ್ನಾಗಿ ಈಜುತ್ತಾನೆ. ತರಿಸಬಹುದಾ?
– ಓದುಗರು, ಮೂಡಿಗೆರೆ

ಉತ್ತರ: ಬೇಡ. ದಯವಿಟ್ಟು ತರಿಸಬೇಡಿ.

ಲೆಕ್ಕ ನೀವೇ ಹಾಕಿ. ಅರ್ಧ ಲೀಟರಿನ ಟ್ಯಾಂಕಿಗೆ 200 ಬಾರ್ ತುಂಬಿದರೆ ಒಳಗಿರೋದು ನೂರು ಲೀಟರ್ ಗಾಳಿ. ಆರಾಮಾಗಿರುವ ಮನುಷ್ಯ ನಿಮಿಷಕ್ಕೆ ಹತ್ತಿರ ಹತ್ತಿರ 20 ಲೀಟರ್ ಎಳೆಯುತ್ತಾನೆ ಅಂತ ಡೈವಿಂಗ್‌ನಲ್ಲಿ ಹಿಡಿಯುತ್ತಾರೆ. ಕೆಸರಲ್ಲಿ ತಡಕಾಡಿಕೊಂಡು ಬಲ ಹಾಕಿ ಕೆಲಸ ಮಾಡುವವನಿಗೆ ಅದರ ಎರಡರಷ್ಟು ಬೇಕು. ಐದು ಮೀಟರ್ ಆಳದಲ್ಲಿ ಒತ್ತಡ ಒಂದೂವರೆ ಪಟ್ಟು, ಅಂದರೆ ಗಾಳಿಯೂ ಒಂದೂವರೆ ಪಟ್ಟು ಖರ್ಚು. ಎರಡು ನಿಮಿಷವೂ ಬರೋದಿಲ್ಲ! ಜಾಹೀರಾತಿನ ಹತ್ತು ನಿಮಿಷ ಎಲ್ಲಿ, ಇದೆಲ್ಲಿ?

ಗಾಳಿ ಮುಗಿದದ್ದು ಗೊತ್ತಾದ ಕೂಡಲೇ ಹುಡುಗ ಏನು ಮಾಡುತ್ತಾನೆ? ಉಸಿರು ಬಿಗಿಹಿಡಿದು ಮೇಲಕ್ಕೆ ಬರುತ್ತಾನೆ. ಎಲ್ಲ ಈಜುಗಾರರೂ ಹಾಗೇ ಮಾಡೋದು. ಮಾಮೂಲಿ ಮುಳುಗಿದಾಗ ಅದರಿಂದ ತೊಂದರೆ ಇಲ್ಲ, ಮೇಲೆ ಎಳೆದುಕೊಂಡ ಗಾಳಿಯೇ ಎದೆಯಲ್ಲಿರುತ್ತದೆ. ಆದರೆ ನೀರಿನ ಕೆಳಗೆ ಟ್ಯಾಂಕಿನಿಂದ ಎಳೆದ ಗಾಳಿ ಮೇಲೆ ಬರ್ತಾ ಹಿಗ್ಗುತ್ತದೆ. ಎರಡು ಮೀಟರಿಗಿಂತ ಕಡಿಮೆ ಆಳದಿಂದ ಉಸಿರು ಹಿಡಿದು ಬಂದರೂ ಶ್ವಾಸಕೋಶ ಹರಿಯಬಹುದು. ಡೈವಿಂಗ್ ಕ್ಲಾಸಿನಲ್ಲಿ ಮೊದಲು ಹೇಳಿಕೊಡೋದೇ ಇದು: ಯಾವತ್ತೂ ಉಸಿರು ಹಿಡಿಯಬೇಡ. ಚೆನ್ನಾಗಿ ಈಜು ಬರೋದು ಇಲ್ಲಿ ಏನೂ ಕಾಯೋದಿಲ್ಲ. ಕೈಪಂಪಿನ ಗಾಳಿಯಲ್ಲಿ ತೇವ ಬೇರೆ ಒಳಗೆ ಹೋಗುತ್ತದೆ, ಟ್ಯಾಂಕ್ ಒಳಗಿಂದಲೇ ಹಾಳಾಗುತ್ತಾ ಬರುತ್ತದೆ. ಇದರ ಜೊತೆಗೆ ಕೆರೆ ತಳದ ಹೂಳು, ಜೊಂಡು, ಹಳೆಯ ಹಗ್ಗ, ಯಾರಾದರೂ ಗೊತ್ತಿಲ್ಲದೆ ಪಂಪ್ ಸ್ಟಾರ್ಟ್ ಮಾಡಿಬಿಟ್ಟರೆ ಕೈಯನ್ನೇ ಹಿಡಿದೆಳೆಯುವ ಸಕ್ಷನ್.

ನಿಮಗೆ ಬೇಕಾಗಿರೋದು ಫುಟ್‌ವಾಲ್ವ್ ಕೈಗೆ ಸಿಗುವ ಹಾಗೆ ಮಾಡೋದು, ಅಷ್ಟೇ ಅಲ್ವಾ? ಬಿಗಿಯಾಗಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಸಕ್ಷನ್ ಪೈಪಿನ ತುದಿ ಕಟ್ಟಿ, ಫುಟ್‌ವಾಲ್ವ್ ನೀರಿನ ಮೇಲ್ಮಟ್ಟದಿಂದ ಎರಡು ಮೂರು ಅಡಿ ಕೆಳಗೆ ನೇತಾಡುವ ಹಾಗೆ ಬಿಡಿ. ತಳದ ಕಸ ಅಲ್ಲಿಗೆ ಬರೋದಿಲ್ಲ. ಸುತ್ತ ಒಂದು ಜಾಲರಿ ಬುಟ್ಟಿ ಹಾಕಿ, ಡ್ರಮ್ಮಿಗೆ ಉದ್ದ ಹಗ್ಗ ಕಟ್ಟಿ ದಡದ ಮರಕ್ಕೆ ಬಿಗಿಯಿರಿ. ಕಸ ಕಟ್ಟಿದರೆ ಪಂಪಿನ ಮೇನ್ ಸ್ವಿಚ್ ತೆಗೆದು, ಫ್ಯೂಸ್ ಕೈಯಲ್ಲಿಟ್ಟುಕೊಂಡು, ಹಗ್ಗ ಎಳೆದು ದಡದಲ್ಲೇ ತೆಗೆಯಬಹುದು. ಪೈಪ್ ಗಟ್ಟಿಯದಾದರೆ ತುದಿಯ ಕಡೆ ಒಂದಷ್ಟು ಹೋಸ್ ಪೈಪ್ ಸೇರಿಸಿ. ಯಾರೂ ಮುಳುಗಬೇಕಾಗಿಲ್ಲ.

ಪ್ರಶ್ನೆ: ನಮ್ಮ ಮಾವ ಗಲ್ಫ್‌ನಿಂದ ಸಾಮಾನು ತರುವಾಗ ಒಂದು ಹಳೆಯ ಅಲ್ಯೂಮಿನಿಯಂ ಟ್ಯಾಂಕ್ ತಂದಿದ್ದರು. ಮೇಲೆ 1985 ಅಂತ ಇದೆ. ಹೊರಗಿನಿಂದ ಹೊಸದರ ಹಾಗಿದೆ. ಮಾರಿದರೆ ಬೆಲೆ ಬರುತ್ತದಾ?
– ಓದುಗರು, ಅರಸೀಕೆರೆ

ಉತ್ತರ: ಬಳಸೋಕೆ ಅಂತ ಯಾರಿಗೂ ಮಾರಬೇಡಿ. ಆ ಕಾಲದ ಎಷ್ಟೋ ಅಲ್ಯೂಮಿನಿಯಂ ಟ್ಯಾಂಕುಗಳನ್ನು 6351 ಅನ್ನುವ ಮಿಶ್ರಲೋಹದಲ್ಲಿ ಮಾಡುತ್ತಿದ್ದರು. ಆ ಲೋಹಕ್ಕೆ, ಒತ್ತಡ ತುಂಬಿಟ್ಟರೆ, ಕತ್ತು ಮತ್ತು ಭುಜದ ಒಳಗಡೆ ನಿಧಾನವಾಗಿ ಬಿರುಕು ಬೆಳೆಯುವ ಗುಣ ಇದೆ. ಬಳಸಿ ಸವೆಯಬೇಕು ಅಂತೇನಿಲ್ಲ, ತುಂಬಿ ಸುಮ್ನೆ ಇಟ್ಟಿದ್ದರೂ ಬರುತ್ತದೆ. ಕೆಲವು ಗಾಳಿ ತುಂಬುವಾಗಲೇ ಒಡೆದವು. ಲಕ್ಸ್‌ಫರ್‌ನಂಥ ದೊಡ್ಡ ಕಂಪನಿ 1988 ರ ಸುಮಾರಿಗೆ ಆ ಲೋಹ ಬಿಟ್ಟು 6061 ಕ್ಕೆ ಬದಲಾಯಿಸಿತು. ಹೊರಗಿನ ಹೊಳಪಿನಿಂದ ಇದೇನೂ ತಿಳಿಯೋದಿಲ್ಲ.

ವಾಲ್ವನ್ನು ಮಾತ್ರ ನೀವೇ ಬಿಚ್ಚಲು ಹೋಗಬೇಡಿ, ಒಳಗೆ ಒತ್ತಡ ಉಳಿದಿದ್ದರೆ ಅದು ಗುಂಡಿನ ಹಾಗೆ ಬರುತ್ತದೆ. ಗುಜರಿಯವರಿಗೂ ಹಾಗೇ ಕೊಡಬೇಡಿ. ಅವರು ಒಳಗೆ ಏನಿದೆ ಅಂತ ನೋಡದೆ ಗ್ಯಾಸ್ ಕಟ್ಟರ್ ಹಿಡಿಯುತ್ತಾರೆ. ಸಿಲಿಂಡರ್ ಪರೀಕ್ಷೆ ಮಾಡುವವರ ಹತ್ತಿರ ಅಥವಾ ಡೈವ್ ಸೆಂಟರಿಗೆ ಕೊಟ್ಟು, ಪೂರ್ತಿ ಖಾಲಿ ಮಾಡಿಸಿ, ವಾಲ್ವ್ ತೆಗೆಸಿ, ಕತ್ತಿನ ಮರೆ ಕತ್ತರಿಸಿದ ಮೇಲೆ ಗುಜರಿಗೆ ಹಾಕಿ. ಅಲ್ಯೂಮಿನಿಯಂ ರೇಟು ಸಿಗುತ್ತದೆ.

ಪ್ರಶ್ನೆ: ಬೆಳಿಗ್ಗೆ ನೇತ್ರಾಣಿಯಲ್ಲಿ ಎರಡು ಡೈವ್ ಮಾಡಿ, ಮಧ್ಯಾಹ್ನ ಊಟ ಮುಗಿಸಿ, ಚಾರ್ಮಾಡಿ ಹತ್ತಿ ರಾತ್ರಿಗೆ ಮನೆ ಸೇರಬಹುದಾ? ವಿಮಾನ ಹತ್ತಬಾರದು ಅಂತ ಹೇಳಿದ್ದಾರೆ, ನಾವು ಬರೋದು ಕಾರಿನಲ್ಲಿ.
– ಓದುಗರು, ಚಿಕ್ಕಮಗಳೂರು

ಉತ್ತರ: ಕಾರಾದರೇನು, ಏರೋದು ಎತ್ತರವೇ ಅಲ್ವಾ? ಚಿಕ್ಕಮಗಳೂರು ಸಮುದ್ರಮಟ್ಟದಿಂದ 1000 ಮೀಟರಿಗೂ ಮೇಲಿದೆ. ವಿಮಾನದ ನಿಯಮ ಹೇಳೋದು ಒಳಗಿನ ಗಾಳಿಯ ಒತ್ತಡ 600 ರಿಂದ 2400 ಮೀಟರ್ ಎತ್ತರದಷ್ಟಿದ್ದಾಗ ಏನಾಗುತ್ತದೆ ಅಂತ, ನಿಮ್ಮ ಮನೆ ಆ ಲೆಕ್ಕದ ಒಳಗೇ ಬರುತ್ತದೆ. ಆಳದಲ್ಲಿ ಉಸಿರಾಡಿದ ಗಾಳಿಯಿಂದ ರಕ್ತದಲ್ಲಿ ಕರಗಿ ಉಳಿದ ನೈಟ್ರೋಜನ್ ಘಾಟಿ ಹತ್ತಿದಾಗ ಗುಳ್ಳೆಯಾಗಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಆದರೆ 18 ಗಂಟೆ ಬಿಡಬೇಕು. ಅವತ್ತು ರಾತ್ರಿ ಕರಾವಳಿಯಲ್ಲೇ ಉಳಿಯಿರಿ, ಮಾರನೇ ದಿನ ಊಟ ಮಾಡಿ ಹೊರಡಿ.

ಮನೆಗೆ ಬಂದ ಮೇಲೆ ಕೀಲು ನೋವು, ಕೈಕಾಲು ಜೋಮು, ತಲೆಸುತ್ತು, ವಿಪರೀತ ಸುಸ್ತು ಕಂಡರೆ ಗಾಡಿಯಲ್ಲಿ ಕೂತು ಬಂದದ್ದಕ್ಕೆ ಅಂದುಕೊಂಡು ಮಲಗಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ಡೈವಿಂಗ್ ಮಾಡಿದ್ದನ್ನು ಡಾಕ್ಟರಿಗೆ ಮೊದಲ ಮಾತಲ್ಲೇ ಹೇಳಿ, ಆಕ್ಸಿಜನ್ ಕೊಡಲು ಕೇಳಿ. ಎಷ್ಟು ಹೊತ್ತಿಗೆ, ಎಷ್ಟು ಆಳಕ್ಕೆ ಇಳಿದಿದ್ದಿರಿ ಅಂತ ಅವರು ಕೇಳುತ್ತಾರೆ, ಅದನ್ನು ಬರೆದಿಟ್ಟ ಚೀಟಿ ಜೇಬಿನಲ್ಲಿರಲಿ.