ರಾಯದುರ್ಗದ ಮಿಲಿಟರಿ ಜೀಪು ನಿಮ್ಮ ಹೆಸರಿಗೆ ಆಗಬೇಕಾದರೆ

ರಾಯದುರ್ಗದ ಕಡೆ ಒಬ್ಬರ ಹತ್ತಿರ ಮಿಲಿಟರಿ ಹರಾಜಿನ ಜೀಪಿದೆ, ರೇಟು ಕುದುರಿದೆ, ಇನ್ನು ಕಾಗದಪತ್ರದ ಕಥೆ ಏನು ಎಂದು ಕೇಳಿದ್ದೀರಿ. ಬೆಂಗಳೂರಿನವರಿಗೆ ರಾಯದುರ್ಗ ಎಂದರೆ ಆಂಧ್ರ. ಮೊಳಕಾಲ್ಮೂರು ಸೀಮೆಯ ನಮಗೆ ಅದು ಪಕ್ಕದೂರು. 1953ರ ಅಕ್ಟೋಬರ್ 1ರ ತನಕ ಅದು ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಅವತ್ತು ಬಳ್ಳಾರಿ ಮೈಸೂರಿಗೆ ಬಂತು. ರಾಯದುರ್ಗ, ಆದೋನಿ, ಆಲೂರು ಆಂಧ್ರಕ್ಕೆ ಹೋದವು. ಆದರೆ ಹೆಣ್ಣು ಕೊಡುವುದು, ಹೆಣ್ಣು ತರುವುದು, ಸಂತೆ, ಜಾತ್ರೆ ಯಾವುದೂ ನಿಲ್ಲಲಿಲ್ಲ. ಎತ್ತು, ಟ್ರ್ಯಾಕ್ಟರ್, ಜೀಪು ಎಲ್ಲವೂ ಬಾಯಿಮಾತಿನ ಮೇಲೆ ಈಚೆಗೆ ಆಚೆಗೆ ಬರುತ್ತವೆ, ಹೋಗುತ್ತವೆ. ಎತ್ತಿಗೆ ಆರ್‌ಸಿ, ಅಂದರೆ ನೋಂದಣಿ ಪತ್ರ, ಬೇಕಿಲ್ಲ, ಜೀಪಿಗೆ ಬೇಕು. ಅಲ್ಲಿಂದಲೇ ತೊಡಕು.

ದುಡ್ಡು ಕೊಡುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. ಆ ಗಾಡಿಗೆ ಸಿವಿಲ್ ಆರ್‌ಸಿ ಆಗಿದೆಯೋ, ಇಲ್ಲ ಬರೀ ಹರಾಜಿನ ಕಾಗದದ ಮೇಲೆ ನಿಂತಿದೆಯೋ? ಸೇನೆಯಲ್ಲಿ ಇರುವ ತನಕ ಗಾಡಿಗೆ ಆರ್‌ಟಿಒ ನಂಬರು ಇರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 60ನೇ ಕಲಮಿನ ಪ್ರಕಾರ ಸೇನೆಯೇ ನೋಂದಣಿ ಮಾಡಿಕೊಳ್ಳುತ್ತದೆ. ಆ ನಂಬರಿನಲ್ಲಿ ಮೇಲ್ಮುಖದ ಬಾಣ, ಆಮೇಲೆ ಎರಡು ಅಂಕಿ, ಅದು ಸೇನೆಗೆ ಸೇರಿದ ವರ್ಷ. ಹರಾಜಾಗಿ ಹೊರಗೆ ಬಂದ ಮೇಲೆ ಮಾಮೂಲಿ ಗಾಡಿಯ ಹಾಗೆ ಆರ್‌ಟಿಒ ಕಚೇರಿಯಲ್ಲಿ ಹೊಸದಾಗಿ ನೋಂದಣಿ ಆಗಬೇಕು. ಅದಕ್ಕೆ ಫಾರಂ 20ರ ಅರ್ಜಿ, ಜೊತೆಗೆ ಸೇನೆಯ ಅಧಿಕಾರಿಗಳು ಕೊಟ್ಟ ಫಾರಂ 21ರ ಮೂಲ ಮಾರಾಟ ಪತ್ರ. ಜೆರಾಕ್ಸ್ ನಡೆಯುವುದಿಲ್ಲ. ಆ ಫಾರಂ 21 ಯಾರ ಹೆಸರಿನಲ್ಲಿದೆಯೋ ಮೊದಲ ಆರ್‌ಸಿ ಅವರ ಹೆಸರಿಗೇ ಆಗಬೇಕು. ಹರಾಜು ಹಿಡಿದವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟು ಮಾರಿದ್ದರೆ, ಮಾರುವವರು ಎಷ್ಟೇ ಒಳ್ಳೆಯವರಾಗಿರಲಿ, ಆ ವ್ಯಾಪಾರ ಬಿಡಿ ಎನ್ನುತ್ತೇನೆ.

‘ಮೊನ್ನೆ ಮೊನ್ನೆ ಡಿಪೋದಿಂದ ಬಂದದ್ದು’ ಎಂದು ಹೇಳುವ ಬ್ರೋಕರ್ ಸಿಕ್ಕರೆ ಇನ್ನೂ ಹುಷಾರಾಗಿರಿ. 2023ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಸುವಂತಿಲ್ಲ, ಅವು ಗುಜರಿ ಕೇಂದ್ರಕ್ಕೇ ಹೋಗಬೇಕು. ಸೇನಾ ಕಾರ್ಯಾಚರಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ ಇದೆ. ಹಾಗಾಗಿ ಹರಾಜಿನ ತಾರೀಕು, ಗಾಡಿಯ ವರ್ಷ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಿ.

ನೀವು ಹೇಳಿದ್ದನ್ನು ನೋಡಿದರೆ ಆ ಜೀಪಿಗೆ ಎಪಿ-02 ನಂಬರಿನ ಆರ್‌ಸಿ ಇದೆ. ಎಪಿ-02 ಅನಂತಪುರದ್ದು. ಹಾಗಾದರೆ ಕೆಲಸ ಅರ್ಧ ಹಗುರ. ನಮ್ಮ ಮನೆಯ ಜೀಪಿಗೂ ಅದೇ ನಂಬರಿತ್ತು. ಶೇಂಗಾ ಮೂಟೆ ಹೇರುವುದಕ್ಕೆ, ತೋಟಕ್ಕೆ ಓಡಾಡುವುದಕ್ಕೆ ಅಂತ ನಮ್ಮ ದೊಡ್ಡಪ್ಪ ತಂದದ್ದು. ಅದರ ಜೊತೆ ಸಹಿ ಹಾಕಿದ ಖಾಲಿ ಟಿಟಿ ಫಾರಂ (ಹೆಸರು ವರ್ಗಾವಣೆಯ 29, 30ರ ಫಾರಂ) ಕೊಟ್ಟಿದ್ದರು. ‘ಯಾವಾಗ ಬೇಕಾದರೂ ತುಂಬಿಸಿಕೊಳ್ಳಿ’ ಎಂದರು, ದೊಡ್ಡಪ್ಪ ನಂಬಿದರು, ಫಾರಂ ಬೀರುವಿನಲ್ಲಿ ಉಳಿಯಿತು. ಆರು ವರ್ಷ ಬಿಟ್ಟು ಹೆಸರು ಬದಲಾಯಿಸಲು ಹೋದಾಗ ಗೊತ್ತಾಯಿತು, ಆರ್‌ಸಿಯಲ್ಲಿ ಇದ್ದವರು ತೀರಿಹೋಗಿದ್ದಾರೆ, ನಮಗೆ ಬರುವ ಮುಂಚೆಯೇ ಜೀಪು ಇನ್ನೂ ಇಬ್ಬರ ಕೈ ದಾಟಿತ್ತು. ತೀರಿಹೋದವರ ಸಹಿ ಇದ್ದ ಫಾರಂಗೆ ಬೆಲೆಯಿಲ್ಲ. ಅವರ ವಾರಸುದಾರರು ಫಾರಂ 31 ಹಾಕಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಂಡು, ಆಮೇಲೆ ನಮಗೆ ಬರೆದುಕೊಡಬೇಕು. ಆ ಮನೆಯ ಅಮ್ಮನವರು ಗಂಡನ ಹೆಸರಿನ ಕಾಗದ ನೋಡಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಯಾರೋ ಮಾಡದೆ ಬಿಟ್ಟ ಕೆಲಸಕ್ಕೆ ಆ ತಾಯಿಯನ್ನು ಎರಡು ಸಲ ಕಚೇರಿಗೆ ಅಲೆಸಿದೆವಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಅದಕ್ಕೇ ಹೇಳುವುದು, ಖಾಲಿ ಫಾರಂ ಮುಟ್ಟಬೇಡಿ. ಆರ್‌ಸಿಯಲ್ಲಿ ಹೆಸರಿರುವವರನ್ನೇ ಕಣ್ಣಾರೆ ನೋಡಿ, ಅವರ ಮುಂದೆಯೇ ತುಂಬಿಸಿ ಸಹಿ ಹಾಕಿಸಿ. ಫಾರಂ 29 ಮಾರುವವರದ್ದು, ಎರಡು ಪ್ರತಿ. ಫಾರಂ 30ಕ್ಕೆ ಇಬ್ಬರ ಸಹಿಯೂ ಬೇಕು. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಾರಿದವರಿಗೂ ಇದರಲ್ಲಿ ಕಷ್ಟವಿದೆ, ಅದನ್ನು ಅವರಿಗೆ ಬಿಡಿಸಿ ಹೇಳಿ. ಅಪಘಾತವಾದರೆ ಪರಿಹಾರಕ್ಕೆ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಡಿ ಮಾರಿ ಎಷ್ಟು ಕೈ ದಾಟಿದ್ದರೂ ಅಷ್ಟೇ. ಇದನ್ನು ಕೇಳಿದ ಮೇಲೆ ಸಹಿಗೆ ಬರುವುದಕ್ಕೆ ಯಾರೂ ತಡಮಾಡುವುದಿಲ್ಲ.

ಜೀಪು ಆಂಧ್ರದ್ದಾದ್ದರಿಂದ ಅಲ್ಲಿಯ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಟ್ಯಾಕ್ಸ್ ಬಾಕಿ, ಹಳೆಯ ದಂಡ, ಸಾಲಕ್ಕೆ ಗಾಡಿ ಅಡವಿದೆ ಎಂಬ ಹೈಪೊಥಿಕೇಶನ್ ನಮೂದು ಇದ್ದರೆ ಅಲ್ಲೇ ತೀರಿಸಿಕೊಂಡು ಬನ್ನಿ. ಗಡಿ ದಾಟಿದ ಮೇಲೆ ಅದಕ್ಕಾಗಿ ಮತ್ತೆ ಹೋಗುವುದು ಸುಖವಲ್ಲ. ಹಳೆಯ ಪುಸ್ತಕದ ಆರ್‌ಸಿ ಆಗಿದ್ದರೆ ಗಾಡಿಯ ವಿವರ ಆನ್‌ಲೈನ್‌ಗೆ ಏರಿದೆಯೇ ಎಂದೂ ವಿಚಾರಿಸಿ. ಆಮೇಲೆ ಇಲ್ಲಿ ಫಾರಂ 27 ಹಾಕಿ ಕರ್ನಾಟಕದ ನಂಬರು, ಲೈಫ್ ಟ್ಯಾಕ್ಸ್. ನಮ್ಮ ಚಿತ್ರದುರ್ಗದ್ದು ಕೆಎ-16, ದಾವಣಗೆರೆಯದು ಕೆಎ-17. ನಿಮ್ಮದು ಬೆಂಗಳೂರಿನ ವಿಳಾಸವಾದರೆ ಅಲ್ಲೇ ಮಾಡಿಸಿ. ಇಲ್ಲಿಯ ನೆಂಟರ ವಿಳಾಸ ಹಾಕಿ ಬೇಗ ಮುಗಿಸೋಣ ಎನ್ನುವ ಸಲಹೆ ಬಂದರೆ ಕೇಳಬೇಡಿ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಕೊಡಿ.

ಆರ್‌ಟಿಒ ಕಚೇರಿಯ ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿ ನೋಡುವಾಗ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕಾಗುತ್ತದೆ. ಮಿಲಿಟರಿ ಗಾಡಿಯಲ್ಲಿ ಅದೇ ಒಂದು ಕೆಲಸ. ಬಣ್ಣದ ಮೇಲೆ ಬಣ್ಣ ಬಳಿದು ಅಂಕಿಗಳು ಮುಚ್ಚಿಹೋಗಿರುತ್ತವೆ. ನಮ್ಮ ಜೀಪಿನಲ್ಲಿ ನಾನು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ನೆನೆಸಿ, ನುಣುಪಾದ ಎಮರಿ ಹಾಳೆಯಿಂದ ಮೆಲ್ಲಗೆ ಉಜ್ಜಿದೆ. ಮೊದಲು ಹಸಿರು ಹೋಯಿತು, ಅದರಡಿಯ ಕೆಂಪು ಪ್ರೈಮರ್ ಹೋಯಿತು, ಆಮೇಲೆ ಕಬ್ಬಿಣದ ಮೇಲೆ ಒಂದೊಂದೇ ಅಂಕಿ ಎದ್ದು ಬಂತು. ತೆಳು ಹಾಳೆ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ, ಅಳಿಸಿಹೋಗದ ಹಾಗೆ ಮೇಲೆ ಟೇಪು ಅಂಟಿಸಿದೆವು. ಒರಟು ಹಾಳೆಯಲ್ಲಿ ಜೋರಾಗಿ ತಿಕ್ಕಿದರೆ ಅಂಕಿಯೇ ಸವೆದು, ನಂಬರು ತಿದ್ದಿದ್ದಾರೆ ಎಂಬ ಅನುಮಾನಕ್ಕೆ ಎಡೆಯಾಗುತ್ತದೆ. ಇಂಜಿನ್ ನಂಬರನ್ನೂ ಆರ್‌ಸಿ ಜೊತೆ ತಾಳೆ ನೋಡಿ. ನಮ್ಮ ಕಡೆ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಕೂರಿಸಿದ ಜೀಪುಗಳಿವೆ. ಆ ಬದಲಾವಣೆ ಅನುಮತಿ ಪಡೆದು ಆರ್‌ಸಿಯಲ್ಲಿ ಏರಿರಬೇಕು. ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ.

ಇನ್ನು ಬಣ್ಣ. ‘ಆ ಹಸಿರು ಬಣ್ಣ ಹಾಗೇ ಉಳಿಸಿಕೊಳ್ಳಬೇಕು, ಅದೇ ಅದರ ಅಂದ’ ಎಂದು ಬರೆದಿದ್ದೀರಿ. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಆಗುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 121ರಂತೆ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಬೇರೆ ಬಣ್ಣ ಬಳಿಸಿ, ಆರ್‌ಸಿಯಲ್ಲಿ ಬರೆದ ಬಣ್ಣಕ್ಕೂ ಗಾಡಿಗೂ ಹೊಂದುವಂತೆ ನೋಡಿಕೊಳ್ಳಿ. ಚಳ್ಳಕೆರೆ ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ನೆಲೆಯೇ ಇದೆ. ಅಂಥ ಕಡೆ ಖಾಸಗಿಯವರ ಜೀಪು ಸೇನೆಯ ಬಣ್ಣದಲ್ಲಿ ಓಡಾಡಿದರೆ ಕಾವಲಿನವರಿಗೆ ಗುರುತು ಹಿಡಿಯುವುದು ಹೇಗೆ? ನಮ್ಮೂರಿನಿಂದ ಸೇನೆಗೆ ಹೋದ ಹುಡುಗರಿದ್ದಾರೆ, ಆ ಬಣ್ಣ ಅವರದ್ದು ಎಂದೇ ನಾನು ತಿಳಿದಿದ್ದೇನೆ. ನಮ್ಮ ಜೀಪಿಗೆ ಬಿಳಿ ಬಳಿಸಿದೆವು. ಬಾನೆಟ್ಟಿನ ಒಳಮಗ್ಗುಲಲ್ಲಿ ಮಾತ್ರ ಹಳೆಯ ಹಸಿರು ಹಾಗೇ ಉಳಿದಿದೆ, ಇಂಜಿನ್ ಆಯಿಲ್ ನೋಡಲು ಎತ್ತಿದಾಗೆಲ್ಲ ಕಾಣುತ್ತದೆ.

ರಾಯದುರ್ಗಕ್ಕೆ ಬರುವ ದಿನ ಆರ್‌ಸಿ ಮತ್ತು ಫಾರಂ 21ರ ಫೋಟೊ ಮೊದಲೇ ತರಿಸಿಕೊಂಡು ನನಗೂ ಕಳಿಸಿ. ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ತನಕ ಬನ್ನಿ, ಅಲ್ಲಿಂದ ನಾನೂ ಜೊತೆಗೆ ಬರುತ್ತೇನೆ. ಅವರ ಮನೆಯಲ್ಲಿ ಕನ್ನಡವೂ ನಡೆಯುತ್ತದೆ, ತೆಲುಗು ಬೇಕಾದರೆ ನಾನಿದ್ದೇನೆ. ಎಮರಿ ಹಾಳೆ, ಪೆನ್ಸಿಲ್ ನಾನೇ ತರುತ್ತೇನೆ.