ಪುರಾತತ್ತ್ವ ಪ್ರಶ್ನೋತ್ತರ: ಬಾವಿಯ ಮಡಕೆ, ಚಿಪ್ಪಿನ ಸುಣ್ಣ, ಮಲ್ಪೆಯ ಗ್ರೀಕ್ ನಾಟಕ

ಪ್ರಾಚೀನ ನಾಗರಿಕತೆಗಳ ಬಗ್ಗೆ ಉಡುಪಿ, ಮಂಗಳೂರು ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇವೆ. "ಇದು ಎಷ್ಟು ಹಳೆಯದು?" ಎಂಬುದೇ ಹೆಚ್ಚಿನವರ ಪ್ರಶ್ನೆ. ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿತ್ತು, ಜೊತೆಗೆ ಏನೇನಿತ್ತು ಎಂದು ನಾವು ತಿರುಗಿ ಕೇಳಿದರೆ ಬೇಸರಿಸಬೇಡಿ. ಅದು ಗೊತ್ತಿಲ್ಲದೆ ಕಾಲ ಹೇಳಲು ಬರುವುದಿಲ್ಲ.

ತೋಟದಲ್ಲಿ ಬಾವಿ ತೋಡಿಸುವಾಗ ಐದಡಿ ಆಳದಲ್ಲಿ ಮಡಕೆ ಚೂರುಗಳು ಸಿಕ್ಕಿವೆ. ಒಳಮೈ ಕಪ್ಪು, ಹೊರಮೈ ಕೆಂಪು. ಒಲೆಯ ಮಸಿಯೋ, ಹಳೆಯ ಕಾಲದ್ದೋ? ಮುಂದೇನು ಮಾಡಬೇಕು?
— ಕಾರ್ಕಳ ತಾಲೂಕಿನ ಕೃಷಿಕರೊಬ್ಬರು

ಒಂದು ಚೂರು ಕೈಗೆತ್ತಿಕೊಂಡು ಮುರಿದ ಅಂಚನ್ನು ನೋಡಿ. ಒಲೆಯ ಮಸಿ ಕೂರುವುದು ಹೊರಗಡೆ, ತಳದಲ್ಲಿ. ಉಗುರಿನಿಂದ ಕೆರೆದರೆ ಕೈಗೆ ಹತ್ತುತ್ತದೆ. ನಿಮ್ಮ ಚೂರಿನಲ್ಲಿ ಒಳಗಿನ ಕಪ್ಪು ಬಾಯಂಚನ್ನು ದಾಟಿ ಹೊರಗೂ ಒಂದೆರಡು ಬೆರಳಗಲ ಇಳಿದಿದ್ದರೆ, ಮುರಿದ ಅಂಚಿನಲ್ಲಿ ಆ ಕಪ್ಪು ಮಣ್ಣಿನೊಳಕ್ಕೂ ಹೋಗಿದ್ದರೆ, ಅದು 'ಕಪ್ಪು-ಕೆಂಪು ಮಡಕೆ' ಎಂಬ ಜಾತಿಯದ್ದು. ಈ ಬಣ್ಣ ಬಳಿದದ್ದಲ್ಲ, ಸುಡುವಾಗ ಬಂದದ್ದು. ಸಾಮಾನ್ಯವಾಗಿ ಕೊಡುವ ವಿವರಣೆ ಹೀಗೆ: ಮಡಕೆಯೊಳಗೆ ಹೊಟ್ಟು, ಎಲೆ ತುಂಬಿ ಬೋರಲು ಹಾಕಿ ಸುಟ್ಟಾಗ ಒಳಗಿನ ಆಮ್ಲಜನಕ ಬೇಗ ಮುಗಿಯುತ್ತದೆ. ಆಗ ಮಣ್ಣಿನಲ್ಲಿರುವ ಕಬ್ಬಿಣ ಕೆಂಪಾಗುವುದಿಲ್ಲ, ಮೈ ಇಂಗಾಲ ಹಿಡಿದು ಕಪ್ಪಾಗುತ್ತದೆ. ಬೂದಿಯಲ್ಲಿ ಹೂತ ಬಾಯಿಯ ಭಾಗಕ್ಕೂ ಅದೇ ಗತಿ. ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ.

ಬಣ್ಣವೊಂದನ್ನೇ ನೋಡಿ ಕಾಲ ಹೇಳಲು ಹೊರಡಬೇಡಿ. ರಾಜಸ್ಥಾನದ ಆಹಾಡ ಸಂಸ್ಕೃತಿಯಲ್ಲಿ ಈ ಬಗೆಯ ಮಡಕೆ ಕ್ರಿ.ಪೂ. ಮೂರನೇ ಸಹಸ್ರಮಾನಕ್ಕೇ ಹೋಗುತ್ತದೆ. ನಮ್ಮಲ್ಲಿ ಅದು ಹೆಚ್ಚಾಗಿ ಬೃಹತ್ ಶಿಲಾಗೋರಿಗಳ ಕಾಲದ್ದು, ಎಂದರೆ ಸುಮಾರಾಗಿ ಕ್ರಿ.ಪೂ. ಒಂದನೇ ಸಹಸ್ರಮಾನ. ಇಲ್ಲಿನ ಕಾಲಾನುಕ್ರಮಕ್ಕೆ ಮೊದಲ ಗಟ್ಟಿ ಆಧಾರ ಸಿಕ್ಕಿದ್ದು 1947ರಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಿಂದ. ಕೆಳಗೆ ಕಲ್ಲಿನ ಕೊಡಲಿಯವರ ಪದರ, ಅದರ ಮೇಲೆ ಶಿಲಾಗೋರಿಯವರದ್ದು, ಇನ್ನೂ ಮೇಲೆ ಚಕ್ರಾಂಕಿತ ಮಡಕೆಯ (ಹಲ್ಲುಚಕ್ರ ಉರುಳಿಸಿದಂಥ ಗುರುತಿನ ಸಾಲುಗಳಿರುವ ಮಡಕೆ) ಪದರ. ಅದೇ ಚಕ್ರಾಂಕಿತ ಮಡಕೆ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ಪಾತ್ರೆಗಳ ಜೊತೆ ಸಿಕ್ಕಿತ್ತು. ರೋಮನ್ ಪಾತ್ರೆಗಳ ಕಾಲ ಗೊತ್ತಿತ್ತು. ಹೀಗೆ ಮೇಲಿನ ಪದರಕ್ಕೆ ತೇದಿ ಸಿಕ್ಕಿದ ಮೇಲೆ ಕೆಳಗಿನವುಗಳ ಅನುಕ್ರಮ ನಿಂತಿತು. ಅಲ್ಲಿ ಸಾಕ್ಷಿ ಹೇಳಿದ್ದು ಪದರ. ಪದರದಿಂದ ಕಿತ್ತು ಗೋಣಿಯಲ್ಲಿ ತುಂಬಿಟ್ಟ ಚೂರು ಬರೀ ಚೂರು.

ಆದ್ದರಿಂದ ಮೊದಲು ಪಿಕ್ಕಾಸು ನಿಲ್ಲಿಸಿ. ಬಾವಿಯ ಗೋಡೆಯಲ್ಲಿ ಇನ್ನೂ ಸಿಕ್ಕಿಕೊಂಡಿರುವ ಚೂರುಗಳನ್ನು ಎಳೆಯಬೇಡಿ. ನೆಲಮಟ್ಟದಿಂದ ಅವುಗಳ ಆಳವನ್ನೂ, ಮನೆಯ ಮೂಲೆಯಂಥ ಕದಲದ ಎರಡು ಗುರುತುಗಳಿಂದ ದೂರವನ್ನೂ ಟೇಪಿನಲ್ಲಿ ಅಳೆದು ಬರೆದಿಡಿ. ಸ್ಕೇಲ್ ಪಕ್ಕದಲ್ಲಿಟ್ಟು ಗೋಡೆಯ ಫೋಟೋ ತೆಗೆಯಿರಿ. ಮಣ್ಣಿನ ಬಣ್ಣ ಎಲ್ಲಿ ಬದಲಾಗುತ್ತದೆ, ಮೇಲಿನ ಮಣ್ಣು ಗುಂಡಿಯಂತೆ ಕೆಳಕ್ಕಿಳಿದಿದೆಯೇ ಎಂಬುದೂ ಫೋಟೋದಲ್ಲಿ ಕಾಣಬೇಕು. ಹಿಂದೆ ಯಾರೋ ತೆಂಗಿನ ಗುಂಡಿ ತೋಡಿ ಮುಚ್ಚಿದ್ದರೆ ನಿನ್ನೆಯ ಚೂರೂ ಐದಡಿ ಕೆಳಗೆ ಸಿಗುತ್ತದೆ.

ಚೂರುಗಳನ್ನು ನೆರಳಲ್ಲಿ ಒಣಗಿಸಿ. ಬ್ರಶ್ ಹಾಕಿ ತಿಕ್ಕಬೇಡಿ; ಒಳಮೈಯಲ್ಲಿ ಆಹಾರದ ಜಿಡ್ಡು ಉಳಿದಿದ್ದರೆ ಅದೂ ಸಾಕ್ಷಿ. ಅಂಟು ಹಾಕಿ ಜೋಡಿಸಲೂ ಬೇಡಿ. ಇದ್ದಿಲು ಕಂಡರೆ ಕೈ ತಾಗಿಸದೆ ಚೊಕ್ಕ ಚಮಚದಲ್ಲಿ ಎತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ. ಹತ್ತಿ, ಕಾಗದ ಬೇಡ, ಅವೇ ಇಂಗಾಲ.

ಇನ್ನೊಂದು ಎಚ್ಚರ. ಕರಾವಳಿಯಲ್ಲಿ ಮುರಕಲ್ಲನ್ನು ಒಳಗಿನಿಂದ ಕೊರೆದು ಮಾಡಿದ ಗೋರಿಗಳಿವೆ. ನೆಲ ಟೊಳ್ಳು ಸದ್ದು ಮಾಡಿದರೆ ಅಥವಾ ದುಂಡನೆಯ ಕಂಡಿ ಕಂಡರೆ ಒಳಗೆ ಇಳಿಯಬೇಡಿ. ಚಾವಣಿ ಕುಸಿಯಬಹುದು, ಒಳಗಿನ ಗಾಳಿ ಕೆಟ್ಟಿರುತ್ತದೆ. ತಹಶೀಲ್ದಾರರಿಗೆ ಬರವಣಿಗೆಯಲ್ಲಿ ತಿಳಿಸಿ, ಅರ್ಜಿಯ ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. "ಸರಕಾರ ತೋಟವನ್ನೇ ವಶಪಡಿಸಿಕೊಳ್ಳುತ್ತದೆ" ಎಂಬ ಹೆದರಿಕೆಯಿಂದ ಚೂರುಗಳನ್ನು ತೋಡಿಗೆ ಎಸೆದವರಿದ್ದಾರೆ. ಒಂದಷ್ಟು ಮಡಕೆ ಚೂರಿಗೆ ಯಾರೂ ತೋಟ ಕಿತ್ತುಕೊಳ್ಳುವುದಿಲ್ಲ.

ನಮ್ಮ ಹಳೆಯ ಮನೆಯ ಗೋಡೆಗೆ ಚಿಪ್ಪಿನ ಸುಣ್ಣದ ಗಾರೆ ಹಾಕಿದ್ದಾರೆ. 250 ವರ್ಷದ ಮನೆ ಎಂದು ಹಿರಿಯರು ಹೇಳುತ್ತಾರೆ. ಕಾರ್ಬನ್ ಪರೀಕ್ಷೆಯಲ್ಲಿ ಕಟ್ಟಿದ ವರ್ಷ ಗೊತ್ತಾಗುತ್ತದೆಯೇ?
— ಗಂಗೊಳ್ಳಿಯ ಓದುಗರು

ಗಾರೆಯ ಕಾಲ ತಿಳಿಯಬಹುದು, ಆದರೆ ನಿಮ್ಮ ಮನೆಯ ಮಟ್ಟಿಗೆ ಆ ಹಣ ದಂಡ.

ಗಿಡ, ಪ್ರಾಣಿ ಬದುಕಿರುವಷ್ಟು ಕಾಲ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ (ಕಾರ್ಬನ್) ಒಳಗೆ ಸೇರುತ್ತಲೇ ಇರುತ್ತದೆ. ಸತ್ತ ಮೇಲೆ 5,730 ವರ್ಷಕ್ಕೊಮ್ಮೆ ಅರ್ಧದಷ್ಟಾಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ಸತ್ತು ಎಷ್ಟು ಕಾಲವಾಯಿತು ಎಂಬುದು ತಿಳಿಯುತ್ತದೆ. 1949ರಲ್ಲಿ ವಿಲರ್ಡ್ ಲಿಬ್ಬಿ ತಂಡ ತೋರಿಸಿಕೊಟ್ಟ ಈ ವಿಧಾನ ಸುಮಾರು 50,000 ವರ್ಷದವರೆಗೆ ನಡೆಯುತ್ತದೆ. ಸುಡದ ಸಮುದ್ರಚಿಪ್ಪಿನಲ್ಲಿ ಮೊದಲ ತೊಡಕು: ಕಡಲಿನ ನೀರಲ್ಲಿ ಹಳೆಯ ಇಂಗಾಲ ಬೆರೆತಿರುವುದರಿಂದ ಈಗಷ್ಟೇ ಸತ್ತ ಚಿಪ್ಪೂ ಸುಮಾರು 400 ವರ್ಷ ಹಳೆಯದೆಂದು ತೋರುತ್ತದೆ. ಸುಣ್ಣದ ಸಂಗತಿ ಬೇರೆ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚಿಪ್ಪು ಸುಟ್ಟಾಗ ಅದರ ಇಂಗಾಲವೆಲ್ಲ ಅನಿಲವಾಗಿ ಹೊರಟುಹೋಗುತ್ತದೆ. ಅರಳಿಸಿದ ಸುಣ್ಣ ಗೋಡೆಯಲ್ಲಿ ಗಟ್ಟಿಯಾಗುವಾಗ ಗಾಳಿಯಿಂದ ಹೊಸ ಇಂಗಾಲವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಗಡಿಯಾರ ಶುರುವಾಗುವುದು ಗಾರೆ ಗಟ್ಟಿಯಾದ ದಿನದಿಂದ.

ಕೆಡುವುದು ಮೂರು ಕಡೆ. ಗಾರೆಯಲ್ಲಿ ಬಿಳಿ ಬಿಳಿಯಾಗಿ ಕಾಣುವ, ಸರಿಯಾಗಿ ಬೇಯದ ಚಿಪ್ಪಿನ ತುಣುಕು ವಯಸ್ಸನ್ನು ಹೆಚ್ಚಿಸುತ್ತದೆ. ದಪ್ಪ ಗೋಡೆಯ ನಡುಭಾಗ ಗಟ್ಟಿಯಾಗಲು ಬಹಳ ಕಾಲ ಹಿಡಿಯುವುದರಿಂದ ಅಲ್ಲಿಂದ ತೆಗೆದ ಮಾದರಿ ವಯಸ್ಸನ್ನು ಇಳಿಸುತ್ತದೆ. ನಮ್ಮ ಮಳೆಗಾಲದ ನೀರು ಸುಣ್ಣವನ್ನು ಕರಗಿಸಿ ಮತ್ತೆ ಕೂರಿಸಿದರೆ ಲೆಕ್ಕವೇ ಗೋಜಲು. ಇದನ್ನೆಲ್ಲ ದಾಟಿದರೂ 1650ರಿಂದ 1950ರ ನಡುವೆ ಗಾಳಿಯ ಇಂಗಾಲ-14 ಏರಿಳಿದು, ಒಂದೇ ಅಳತೆ ಹಲವು ಕಾಲಕ್ಕೆ ಹೊಂದುತ್ತದೆ. 17ನೇ ಶತಮಾನದ ಕೊನೆಯೂ ಆಗಬಹುದು, 19ನೇ ಶತಮಾನವೂ ಆಗಬಹುದು ಎಂಬ ವರದಿ ಹಿಡಿದು ಏನು ಮಾಡುತ್ತೀರಿ?

ಅದರ ಬದಲು ಹಳೆಯ ಭೂದಾಖಲೆ, ಕ್ರಯಪತ್ರ ಹುಡುಕಿ. ಹಂಚಿನ ಮುದ್ರೆಯನ್ನೂ ನೋಡಿ, ಆದರೆ ಅದರಿಂದ ಹೆಚ್ಚು ನಿರೀಕ್ಷಿಸಬೇಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಆ ಮುದ್ರೆಯ ಹಂಚಿದ್ದರೆ ಮಾಡು ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅರ್ಥ. ಗೋಡೆ ಎಷ್ಟೋ ಹಿಂದಿನದಿರಬಹುದು. ಪದರದಲ್ಲಿ ಸಿಕ್ಕ ನಾಣ್ಯಕ್ಕೂ ಇದೇ ನಿಯಮ: ನಾಣ್ಯ ಹಿಂದಿನ ಎಲ್ಲೆಯನ್ನು ಕಟ್ಟುತ್ತದೆ, ಮುಂದಿನದನ್ನಲ್ಲ.

'ಬಿ.ಪಿ. 3000' ಎಂದರೆ ಕ್ರಿ.ಪೂ. 3000 ತಾನೇ?
— ಮಂಗಳೂರಿನ ಪದವಿ ವಿದ್ಯಾರ್ಥಿನಿ

ಅಲ್ಲ. ಬಿ.ಪಿ. ಎಂದರೆ 1950ಕ್ಕಿಂತ ಇಷ್ಟು ವರ್ಷ ಹಿಂದೆ. ಸುಮ್ಮನೆ ಕಳೆದರೆ ಕ್ರಿ.ಪೂ. 1051 ಬರುತ್ತದೆ (ಸೊನ್ನೆ ವರ್ಷವಿಲ್ಲ, ಕ್ರಿ.ಪೂ. 1 ಆದ ಕೂಡಲೇ ಕ್ರಿ.ಶ. 1). ಆದರೆ ಇದು ಕಾರ್ಬನ್ ಪರೀಕ್ಷೆಯ ತಿದ್ದದ ಅಂಕಿಯಾಗಿದ್ದರೆ, ಮರದ ಉಂಗುರಗಳಿಂದ ಸಿದ್ಧಪಡಿಸಿದ ಪಟ್ಟಿಗೆ ಹೋಲಿಸಿದಾಗ ಕ್ರಿ.ಪೂ. 13ನೇ ಶತಮಾನದ ಆಸುಪಾಸಿಗೆ ಹೋಗುತ್ತದೆ. ವರದಿಯಲ್ಲಿ 'ಕ್ಯಾಲಿಬ್ರೇಟೆಡ್' (ಹಾಗೆ ಹೋಲಿಸಿ ತಿದ್ದಿದ್ದು) ಎಂದಿದೆಯೇ ನೋಡದೆ ಉತ್ತರ ಬರೆಯಬೇಡಿ.

ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ನಾಟಕದಲ್ಲಿ ಮಲ್ಪೆಯ ಹೆಸರೂ ಕನ್ನಡ ಮಾತೂ ಇದೆಯೆಂದು ಭಾಷಣಗಳಲ್ಲಿ ಕೇಳಿದ್ದೇವೆ. ನಿಜವೇ?
— ಉಡುಪಿಯ ಓದುಗರು

ನಾಟಕ ಇರುವುದು ನಿಜ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳನ್ನು ಬ್ರಿಟಿಷ್ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ 1896ರ ಚಳಿಗಾಲದಿಂದ ಅಗೆದರು. ಮಳೆಯೇ ಇಲ್ಲದ ಮರಳಿನಲ್ಲಿ ಪಪೈರಸ್ (ಜೊಂಡಿನಿಂದ ಮಾಡಿದ ಕಾಗದದಂಥ) ಹಾಳೆಗಳು ಉಳಿದಿದ್ದವು. 413ನೇ ಅಂಕಿಯ ಹಾಳೆ ಕ್ರಿ.ಶ. ಎರಡನೇ ಶತಮಾನದ್ದು, ಒಂದು ಪ್ರಹಸನ. ಕ್ಯಾರಿಟಿಯನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯ ದೇವಿಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ಬಿಡಿಸಲು ಬಂದವರು ಅಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಮತ್ತೇರಿಸುತ್ತಾರೆ. (ವಿದೂಷಕನ ದೊಡ್ಡ ಆಯುಧ ಹೂಸು. ಭಾಷಣಕಾರರು ಇದನ್ನು ಯಾಕೋ ಹೇಳುವುದಿಲ್ಲ.) ರಾಜನೂ ಅವನ ಕಡೆಯವರೂ ಗ್ರೀಕ್ ಅಲ್ಲದ ಮಾತಾಡುತ್ತಾರೆ.

ಆ ಮಾತು ಕನ್ನಡ ಎಂದು 1904ರಲ್ಲಿ ವಾದಿಸಿದವರು ಶಾಸನತಜ್ಞ ಹುಲ್ಟ್ಶ್. ಕಥೆ ನಡೆಯುವುದು ಕಾರವಾರ ಮತ್ತು ಮಂಗಳೂರಿನ ನಡುವಿನ ಯಾವುದೋ ಸಣ್ಣ ಬಂದರಿನಲ್ಲಿ ಎಂದೂ ಅವರು ಊಹಿಸಿದರು. 1926ರಲ್ಲಿ ಬಾರ್ನೆಟ್ ಎಂಬ ವಿದ್ವಾಂಸ ಅದನ್ನು ಒಪ್ಪದೆ ಬರೆದರು. ಆಮೇಲೆ ಅದೇ ಸಾಲುಗಳನ್ನು ತುಳು ಎಂದು ಓದಿದವರಿದ್ದಾರೆ, 'ಮಲ್ಪೆ ನಾಯಕ' ಎಂಬ ಹೆಸರು ಕಂಡವರೂ ಇದ್ದಾರೆ.

ಒಂದು ಸಾಲನ್ನು ನೀವೇ ನೋಡಿ. ಪಪೈರಸ್‌ನಲ್ಲಿ ಪದಗಳ ನಡುವೆ ಜಾಗ ಬಿಟ್ಟಿಲ್ಲ. ಅಕ್ಷರಗಳನ್ನು ಇದ್ದ ಹಾಗೆ ಕನ್ನಡಕ್ಕೆ ಇಳಿಸಿದರೆ 'ಪಾನುಂಬ್ರೇತಿಕತೆಮಾನುಅಂಬ್ರೇತುಉಎನಿ'. ಹುಲ್ಟ್ಶ್ ಓದಿದ್ದು 'ಪಾನಂ ಬೇರೆತ್ತಿ ಕಟ್ಟಿ ಮಧುವಂ ಬೇರೆತ್ತುವೆನು'. ಕುಡಿತದ ದೃಶ್ಯಕ್ಕೆ ಅರ್ಥ ಚೆನ್ನಾಗಿ ಕೂರುತ್ತದೆ, ಸರಿ. ಆದರೆ 'ಮಾನು' ಎಂದಿರುವುದನ್ನು 'ಮಧು' ಎಂದು ತಿದ್ದಿಕೊಳ್ಳಬೇಕು, ಎಲ್ಲಿ ಕತ್ತರಿಸಬೇಕು ಎಂಬುದನ್ನೂ ನಾವೇ ನಿರ್ಧರಿಸಬೇಕು. ಇನ್ನೊಂದು ಸಾಲಿನಲ್ಲಿ ಅವರು 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ' ಎಂದು ಓದಿದರು. ಎರಡನೇ ಶತಮಾನದಲ್ಲಿ 'ಹಾಕಿ'? ಕನ್ನಡದಲ್ಲಿ ಪಕಾರ ಹಕಾರವಾಗಿ 'ಪಾಲ್' 'ಹಾಲು' ಆದದ್ದು ಅದಕ್ಕೆ ಎಷ್ಟೋ ಶತಮಾನಗಳ ನಂತರ. ನಮ್ಮ ಹಲ್ಮಿಡಿ ಶಾಸನವೇ ಐದನೇ ಶತಮಾನದ್ದು.

ಪ್ರೇಕ್ಷಕರನ್ನು ನಗಿಸಲು ನಾಟಕದವರು ಕಟ್ಟಿದ ಅರ್ಥವಿಲ್ಲದ ಗದ್ದಲವೂ ಅದಾಗಿರಬಹುದು, ನಾವಿಕರಿಂದ ಕೇಳಿದ ದ್ರಾವಿಡ ಮಾತಿನ ಚೂರುಗಳೂ ಅದರಲ್ಲಿರಬಹುದು. ಆ ಕಾಲದಲ್ಲಿ ಈಜಿಪ್ಟಿಗೂ ನಮ್ಮ ಪಶ್ಚಿಮ ಕರಾವಳಿಗೂ ಹಡಗು ಓಡಾಟವಿದ್ದದ್ದಕ್ಕೆ ಬೇರೆ ಗಟ್ಟಿ ಪುರಾವೆಗಳಿವೆ. ಅದಕ್ಕೆ ಈ ಸಾಲುಗಳ ಹಂಗು ಬೇಕಿಲ್ಲ. ಮಲ್ಪೆಯ ಹೆಸರನ್ನು ಮಾತ್ರ ಪಠ್ಯದಲ್ಲಿ ಇದೆಯೆಂದು ಸಾರುವುದಕ್ಕಿಂತ ಕೆಲವರು ಹಾಗೆ ಓದಿದ್ದಾರೆ ಎಂದು ಹೇಳುವುದು ಮೇಲು.

ಸಿಂಧೂ ಲಿಪಿಯನ್ನು ತುಳುವಿನಲ್ಲಿ ಓದಿದ ವಿಡಿಯೋ ಹರಿದಾಡುತ್ತಿದೆ. ನಂಬಬಹುದೇ?
— ಸುರತ್ಕಲ್‌ನ ಓದುಗರು

ತಮಿಳಿನಲ್ಲಿ, ಸಂಸ್ಕೃತದಲ್ಲಿ ಓದಿದವರೂ ಇದ್ದಾರೆ. ಯಾವುದೂ ತಜ್ಞರ ನಡುವೆ ನಿಂತಿಲ್ಲ. ಚಿಹ್ನೆಗಳು ಸುಮಾರು 400. ಬರಹಗಳು ಕೆಲವು ಸಾವಿರ ಇದ್ದರೂ ಒಂದೊಂದರಲ್ಲಿ ಸರಾಸರಿ ಐದೇ ಚಿಹ್ನೆ. 1822ರಲ್ಲಿ ಶಾಂಪೋಲಿಯನ್‌ಗೆ ಈಜಿಪ್ಟಿನ ಲಿಪಿ ಒಲಿಯಲು ಒಂದೇ ಆಜ್ಞೆಯನ್ನು ಗ್ರೀಕಿನಲ್ಲೂ ಕೆತ್ತಿದ್ದ ರೊಸೆಟ್ಟಾ ಕಲ್ಲು ನೆರವಾಯಿತು. ಸಿಂಧೂ ಲಿಪಿಗೆ ಅಂಥ ಜೋಡಿ ಬರಹ ಸಿಕ್ಕಿಲ್ಲ. ಜೋಡಿ ಬರಹವಿಲ್ಲದೆಯೇ ಮೈಕೆಲ್ ವೆಂಟ್ರಿಸ್ 1952ರಲ್ಲಿ ಲೀನಿಯರ್ ಬಿ ಎಂಬ ಪ್ರಾಚೀನ ಗ್ರೀಕರ ಲಿಪಿಯನ್ನು ಬಿಡಿಸಿದರು, ಆದರೆ ಅವರ ಮುಂದೆ ಉದ್ದುದ್ದ ಲೆಕ್ಕಪತ್ರದ ಹಲಗೆಗಳಿದ್ದವು. 2025ರ ಜನವರಿಯಲ್ಲಿ ತಮಿಳುನಾಡು ಸರಕಾರ ಸಿಂಧೂ ಲಿಪಿ ಬಿಡಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಸಾರಿತು.

ವಿಡಿಯೋ ಮಾಡಿದವರಿಗೆ ಹೀಗೆ ಕೇಳಿ: ಈ ಮುದ್ರೆಯಲ್ಲಿ ಮೀನಿನ ಚಿಹ್ನೆಗೆ ಕೊಟ್ಟ ಧ್ವನಿಯನ್ನು ಬದಲಿಸದೆ, ನಾವು ಆರಿಸಿದ ಬೇರೆ ಇಪ್ಪತ್ತು ಮುದ್ರೆಗಳನ್ನು ಓದಿ ತೋರಿಸುತ್ತೀರಾ? ಚಿಹ್ನೆಯ ಬೆಲೆ ಮುದ್ರೆಯಿಂದ ಮುದ್ರೆಗೆ ಬದಲಾದರೆ ಯಾವ ಭಾಷೆಯನ್ನಾದರೂ ಹೊರಡಿಸಬಹುದು.

ಹರಪ್ಪದವರ ಇಟ್ಟಿಗೆ ಎಲ್ಲ ಊರಲ್ಲೂ ಒಂದೇ ಅಳತೆಯದ್ದು ಎನ್ನುತ್ತಾರೆ. ಕಟ್ಟಡದ ದೃಷ್ಟಿಯಿಂದ ಏನು ಲಾಭ?
— ಬ್ರಹ್ಮಾವರದ ಕಟ್ಟಡ ಗುತ್ತಿಗೆದಾರರು

ಒಂದೇ ಅಳತೆ ಎನ್ನುವುದಕ್ಕಿಂತ ಒಂದೇ ಅನುಪಾತ ಎನ್ನಿ. ದಪ್ಪ, ಅಗಲ, ಉದ್ದ 1:2:4. ಮನೆಗೆ 7×14×28 ಸೆಂ.ಮೀ., ಕೋಟೆಗೋಡೆಗೆ 10×20×40. ಲಾಭ ನಿಮಗೇ ಗೊತ್ತಿರುವಂಥದ್ದು: ಅಗಲ ಉದ್ದದ ಅರ್ಧವಿದ್ದರೆ ಎರಡು ಅಡ್ಡ ಇಟ್ಟಿಗೆಯ ಮೇಲೆ ಒಂದು ಉದ್ದ ಇಟ್ಟಿಗೆ ಸರಿಯಾಗಿ ಕೂರುತ್ತದೆ. ಮೂಲೆಯಲ್ಲಿ ಕಡಿಯುವ ಕೆಲಸ ಕಡಿಮೆ, ಸಂದಿಯ ಮೇಲೆ ಸಂದಿ ಬೀಳುವುದಿಲ್ಲ. ಈಗಿನ 190×90×90 ಮಿ.ಮೀ. ಇಟ್ಟಿಗೆಗೆ 10 ಮಿ.ಮೀ. ಗಾರೆ ಸೇರಿಸಿದರೂ 200ಕ್ಕೆ 100 ಎಂಬ ಅದೇ ಲೆಕ್ಕ. ಈ ಅನುಪಾತ ನೆಲೆಯಾದದ್ದು ನಗರಗಳ ಉಚ್ಛ್ರಾಯದಲ್ಲಿ, ಸುಮಾರು ಕ್ರಿ.ಪೂ. 2600ರಿಂದ 1900ರ ನಡುವೆ. ರಾಜಸ್ಥಾನದ ಕಾಳಿಬಂಗದಲ್ಲಿ ಅದಕ್ಕೂ ಹಿಂದಿನ ಪದರದಲ್ಲಿ 1:2:3 ಸಿಗುತ್ತದೆ. ಹಾಗಾಗಿ ಇಟ್ಟಿಗೆಯ ಅನುಪಾತವೇ ಪದರ ಗುರುತಿಸಲು ಒಂದು ಸುಳಿವು.

ಹರಪ್ಪದಲ್ಲಿ ಆ ಸುಳಿವು ಬಹುಪಾಲು ಕೈತಪ್ಪಿದೆ. 1850ರ ದಶಕದಲ್ಲಿ ಲಾಹೋರ್–ಮುಲ್ತಾನ್ ರೈಲುಹಳಿಯ ಕೆಳಗೆ ಹಾಸಲು ಅಲ್ಲಿನ ದಿಬ್ಬಗಳ ಸುಟ್ಟ ಇಟ್ಟಿಗೆಗಳನ್ನು ರಾಶಿಗಟ್ಟಲೆ ಕಿತ್ತು ಸಾಗಿಸಿದರು. ಬೀದಿ, ಮನೆ, ಚರಂಡಿಗಳ ನಕ್ಷೆ ಮೊಹೆಂಜೊದಾರೊದಲ್ಲಿ ಕಂಡಷ್ಟು ಸ್ಪಷ್ಟವಾಗಿ ಹರಪ್ಪದಲ್ಲಿ ಕಾಣದಿರುವುದಕ್ಕೆ ಇದು ದೊಡ್ಡ ಕಾರಣ.